ಪೆನಾಂಗ್ ಬಂದರಿನಲ್ಲಿ ಮಾವನ ಟವೆಲ್

ಕಳೆದ ವರ್ಷ ಸೆಪ್ಟೆಂಬರಿನ ಒಂದು ಬುಧವಾರ ಸಂಜೆ ಮಲೇಷ್ಯಾದ ಪೆನಾಂಗ್ ಬಂದರಿನಿಂದ ಪ್ರವಾಸಿ ಹಡಗೊಂದು ಹೇಳಿದ ಸಮಯಕ್ಕೆ ಸರಿಯಾಗಿ ಹೊರಟಿತು. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಅದರಲ್ಲಿ ಇರಲಿಲ್ಲ. ಅವರ ಟವೆಲ್ ಇತ್ತು.

ವ್ಯಾಪಾರಿ ನನ್ನ ಸೋದರಮಾವ. ಪೇಟೆಗೆ ಮೆಣಸಿನಕಾಯಿ ಹೆಚ್ಚು ಬಾರದ ತಿಂಗಳು ನೋಡಿಕೊಂಡು ಮಾವ, ಅತ್ತೆ, ರಾಣೆಬೆನ್ನೂರಿನ ಬೀಜದ ಅಂಗಡಿಯವರೊಬ್ಬರು ಮತ್ತು ನಾನು ಸಿಂಗಾಪುರದಲ್ಲಿ ಹಡಗು ಹತ್ತಿದ್ದೆವು. ಅದು ಪೆನಾಂಗ್ ತೋರಿಸಿ ಸಿಂಗಾಪುರಕ್ಕೇ ಮರಳುತ್ತಿತ್ತು. ನಾನು ಹಾವೇರಿಯಲ್ಲಿ ಪತ್ರಿಕಾ ವರದಿಗಾರ. ಇಂಗ್ಲಿಷ್ ಬರುತ್ತದೆಂದು ಜೊತೆಗೆ ಕರೆದುಕೊಂಡು ಬಂದಿದ್ದರು. ಅಂದಿನಿಂದ ಹಡಗಿನ ಪ್ರವಾಸಕ್ಕೆ ಹೊರಟವರು ಯಾವ ಎಚ್ಚರಿಕೆ ಬೇಕೆಂದು ನನ್ನನ್ನು ಕೇಳುತ್ತಾರೆ. ನಡೆದದ್ದನ್ನು ಹೇಳುತ್ತೇನೆ.

ನಮ್ಮ ಕಡೆ ಬಸ್ಸು ನಿಲ್ದಾಣಕ್ಕೆ ಬಂದೊಡನೆ ಕಿಟಕಿಯಿಂದ ಟವೆಲ್ ಒಳಗೆ ಎಸೆಯುತ್ತಾರೆ. ಟವೆಲ್ ಬಿದ್ದ ಸೀಟು ಎಸೆದವರದು. ಅವರು ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಬರಬಹುದು. ಕಂಡಕ್ಟರ್ ಅವಸರ ಮಾಡಿದರೆ ಪಕ್ಕದ ಸೀಟಿನವರು, “ತಡೀರಿ, ಟವೆಲಿನವ್ರು ಬಂದಿಲ್ಲ” ಎನ್ನುತ್ತಾರೆ. ಬಸ್ಸು ತಡೆಯುತ್ತದೆ. ಮಾವ ಬ್ಯಾಡಗಿಯಿಂದ ಹಾವೇರಿಗೆ ಓಡಾಡಿದ ಅಷ್ಟೂ ವರ್ಷ ತಡೆದಿದೆ.

ಬುಧವಾರ ಬೆಳಿಗ್ಗೆ ದಡಕ್ಕೆ ಇಳಿಯುವ ಮುನ್ನ ಮಾವ ಮೇಲಿನ ಡೆಕ್ಕಿಗೆ ಹೋಗಿ, ಸಮುದ್ರಕ್ಕೆ ಮುಖ ಮಾಡಿದ ಒಂದು ಕುರ್ಚಿಯ ಮೇಲೆ ತಮ್ಮ ಕೆಂಪಂಚಿನ ಟವೆಲ್ ಹಾಸಿ ಬಂದರು.

“ಏನ್ ಸಾವ್ಕಾರ್ರ, ಹಡಗಕ್ಕೂ ಟವೆಲ್ ಹಾಕಿದ್ರಿ?” ಎಂದರು ಬೀಜದ ಅಂಗಡಿಯವರು.

“ಇರ್ಲಿ ಬಿಡ್ರಿ. ವಾಪಸ್ ಬರೂದ್ರಾಗ ಗದ್ದಲ ಆಗಿರ್ತೈತಿ.”

ಹಡಗು ಹತ್ತಿದ ದಿನವೇ ಸಿಬ್ಬಂದಿ ನಮ್ಮ ಪಾಸ್‌ಪೋರ್ಟ್ ಪಡೆದು ಒಂದೊಂದು ಕಾರ್ಡು ಕೊಟ್ಟಿದ್ದರು. ಇಳಿಯುವಾಗ, ಹತ್ತುವಾಗ ಅದನ್ನು ಯಂತ್ರಕ್ಕೆ ತೋರಿಸಬೇಕು. ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂಬುದು ಹಡಗಿಗೆ ಗೊತ್ತಾಗುವುದು ಅದರಿಂದಲೇ. ಹಾಗಾಗಿ ಪಾಸ್‌ಪೋರ್ಟಿನ ನಕಲು ಜೇಬಿನಲ್ಲಿರಲಿ. ಮಾತ್ರೆ ಮತ್ತು ಫೋನು ಜೊತೆಗಿರಲಿ. ಮಾವನ ಸಕ್ಕರೆ ಕಾಯಿಲೆಯ ಮಾತ್ರೆ ಕೋಣೆಯಲ್ಲಿತ್ತು. ಫೋನನ್ನು ಅಲ್ಲೇ ಚಾರ್ಜಿಗೆ ಹಾಕಿದ್ದರು. ತಿನ್ನುವ ಪದಾರ್ಥವನ್ನು ಹಡಗಿನಿಂದ ಇಳಿಸಲು ಬಿಡುವುದಿಲ್ಲ. ಅತ್ತೆಯ ಶೇಂಗಾ ಚಟ್ನಿ ಬಾಗಿಲಲ್ಲೇ ಉಳಿಯಿತು.

ಹಡಗಿನವರೇ ಏರ್ಪಡಿಸಿದ ಬಸ್ಸಿನಲ್ಲಿ ಊರು ನೋಡಲು ಹೋದರೆ, ಆ ಬಸ್ಸು ತಡವಾದರೂ ಹಡಗು ಕಾಯುತ್ತದೆ. ತಾವಾಗಿ ಹೋದವರಿಗೆ ಕಾಯುವುದಿಲ್ಲ. ಇದನ್ನು ನಾನು ಓದಿ ಹೇಳಿದೆ. ಊರು ಕಣ್ಣೆದುರೇ ಇರುವಾಗ ಬಸ್ಸು ಯಾಕೆಂದು ಮಾವ ನಡೆದರು. ನಾವೂ ನಡೆದೆವು.

ಮಧ್ಯಾಹ್ನದವರೆಗೆ ಎಲ್ಲವೂ ಸರಿಯಿತ್ತು. ಆಮೇಲೆ ಒಂದು ಮಸಾಲೆ ಅಂಗಡಿ ಬಂತು. ಬಾಗಿಲಲ್ಲಿ ಒಣ ಮೆಣಸಿನಕಾಯಿಯ ಚೀಲಗಳಿದ್ದವು. ಮಾವ ಕೈ ಹಾಕಿ ಒಂದನ್ನು ಮುರಿದು, ಮೂಸಿ, ಅಂಗೈಯಲ್ಲಿ ತಿಕ್ಕಿ ಬಣ್ಣ ನೋಡಿದರು. ಅಂಗಡಿಯ ಯಜಮಾನರು ಹಿಂದಿಯಲ್ಲಿ, ಇದು ಇಂಡಿಯಾದ ಬ್ಯಾಡಗಿ ಮಾಲು, ನಮ್ಮಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ ಎಂದರು. ಮಾವ, ಇದು ಬ್ಯಾಡಗಿಯದಲ್ಲ ಎಂದರು. ಯಜಮಾನರು ಮಾವನಿಗೆ ಕುರ್ಚಿ ಕೊಟ್ಟರು.

ಅತ್ತೆಗೆ ಮೊಣಕಾಲು ನೋಯುತ್ತಿತ್ತು. “ನೀವು ನಡೀರಿ, ನಾ ಹಿಂದ ಬಂದೆ” ಎಂದರು ಮಾವ. ನಾನು ಅತ್ತೆಯನ್ನು ಹಡಗಿಗೆ ಕರೆತಂದೆ. ಬೀಜದ ಅಂಗಡಿಯವರು ನಮಗಿಂತ ಮೊದಲೇ ಬಂದಿದ್ದರು.

ಸಂಜೆ ಅತ್ತೆ ಡೆಕ್ಕಿಗೆ ಹೋಗಿ ಬಂದು, “ನಿಮ್ಮ ಮಾಮಾ ಬಂದಾರ” ಎಂದರು. ನಾನು ನಂಬಿದೆ. ಹೊರಡುವ ಹೊತ್ತು ಹತ್ತಿರವಾದಾಗ ಧ್ವನಿವರ್ಧಕದಲ್ಲಿ ಮಾವನ ಹೆಸರು ಕೇಳಿಸಿತು. ಎರಡನೆಯ ಸಲವೂ ಕೇಳಿಸಿತು. ನಾವು ಮೂವರೂ ಬಾಗಿಲಿಗೆ ಹೋದೆವು. ಅಲ್ಲಿದ್ದ ಅಧಿಕಾರಿ ಮಾವನ ಕಾರ್ಡು ಒಳಗೆ ಬಂದಿಲ್ಲ ಎಂದರು.

“ಬಂದಾರಂತ ಹೇಳು” ಎಂದರು ಅತ್ತೆ.

“ನೀವು ನೋಡಿದ್ರೇನು?” ಎಂದೆ.

“ಟವೆಲ್ ನೋಡೇನಿ. ಟವೆಲ್ ಐತಿ ಅಂದ್ರ ಇಲ್ಲೇ ಎಲ್ಲ್ಯರ ಚಾ ಕುಡ್ಯಾಕ ಹೋಗ್ಯಾರ.”

ನಾನು ಅದನ್ನು ಇಂಗ್ಲಿಷಿಗೆ ಅನುವಾದಿಸಿದೆ. ಅಧಿಕಾರಿ ಮತ್ತೊಮ್ಮೆ ಹೇಳಲು ಕೇಳಿದರು. ಮತ್ತೊಮ್ಮೆ ಹೇಳಿದೆ.

“ಕಂಡಕ್ಟರ್‌ಗೆ ಸರಿಯಾಗಿ ಹೇಳ್ರಿ, ಟವೆಲಿನವ್ರು ಬಂದಿಲ್ಲ ಅಂತ” ಎಂದರು ಬೀಜದ ಅಂಗಡಿಯವರು. ಅತ್ತೆ ತಿರುಗಿ ನೋಡಿದ ಮೇಲೆ ಅವರು ನನ್ನ ಹಿಂದೆ ಸರಿದು ನಿಂತರು.

ಹಡಗು ತಡೆಯುವುದಿಲ್ಲ, ಬಾರದವರ ಪಾಸ್‌ಪೋರ್ಟನ್ನು ಬಂದರಿನಲ್ಲಿರುವ ತಮ್ಮ ಏಜೆಂಟರ ಕೈಗೆ ಕೊಡುತ್ತೇವೆ, ಉಳಿದುಹೋದವರು ಅದನ್ನು ಪಡೆದು ಸ್ವಂತ ಖರ್ಚಿನಲ್ಲಿ ಸಿಂಗಾಪುರಕ್ಕೆ ಬರಬೇಕು ಎಂದು ಅಧಿಕಾರಿ ವಿವರಿಸಿದರು. ಏಜೆಂಟರ ಫೋನ್ ನಂಬರು ದಿನವೂ ಕೋಣೆಗೆ ಬರುವ ಹಾಳೆಯಲ್ಲಿ ಇರುತ್ತದೆ. ಇಳಿಯುವಾಗ ಅದನ್ನೂ ಒಯ್ಯಬೇಕು.

ಅತ್ತೆ ಕೇಳಿಸಿಕೊಂಡು, “ನಂದೂ ಪಾಸ್‌ಪೋರ್ಟ್ ಕೊಡಾಕ ಹೇಳು” ಎಂದರು.

“ನೀವು ಕುಂದ್ರಿ ಅತ್ತಿ, ನಾ ಇಳೀತೇನಿ.”

“ನಿನಗ ಅವರ ಗುಳಿಗಿ ಯಾವ ಹೊತ್ತಿಗಿ ಯಾವ್ದು ಅಂತ ಗೊತ್ತೈತೇನು? ಸಾಮಾನು ನೀ ತಗೊಂಬಾ.”

ಮಾತ್ರೆಯ ಡಬ್ಬಿ, ಮಾವನ ಫೋನು, ಎರಡು ಸೀರೆ ಚೀಲಕ್ಕೆ ಹಾಕಿಕೊಂಡರು. ಟವೆಲ್ ತರಲೇ ಎಂದು ಕೇಳಿದೆ.

“ಹುಚ್ಚೇನ? ಅದನ್ನ ತಗದ್ರ ಹಡಗ ಹೊಂಟೇ ಬಿಡ್ತೈತಿ.”

ಅವರು ಇಳಿದರು. ಬಾಗಿಲು ಮುಚ್ಚಿತು. ನಾನು ಡೆಕ್ಕಿಗೆ ಓಡಿದೆ. ಹಡಗು ದಡ ಬಿಡುವಾಗ ಮಾವ ಬಂದರಿನ ಅಂಗಳದಲ್ಲಿ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬರುತ್ತಿದ್ದರು. ಓಡುತ್ತಿರಲಿಲ್ಲ. ಅತ್ತೆಯನ್ನು ಕಂಡು ನಿಂತರು. ಆಮೇಲೆ ತಲೆ ಎತ್ತಿ, ತಮ್ಮ ಕುರ್ಚಿ ಇರುವ ಕಡೆಗೆ ಕೈ ತೋರಿಸಿ ಏನೋ ಹೇಳಿದರು. ಕೇಳಿಸಲಿಲ್ಲ. ಅತ್ತೆ ಅವರಿಗೆ ಮೊದಲು ಮಾತ್ರೆ ಕೊಟ್ಟರು.

ಅವರಿಬ್ಬರೂ ವಿಮಾನದಲ್ಲಿ ನಮಗಿಂತ ಮೊದಲೇ ಸಿಂಗಾಪುರ ತಲುಪಿದ್ದರು. ಸಿಂಗಾಪುರಕ್ಕೆ ಹಲವು ಸಲ ಹೋಗಿ ಬಂದು ಮಾಡಲು ಆಗುವ ವೀಸಾ ಇದ್ದುದರಿಂದ ಒಳಗೆ ಬಿಟ್ಟರು. ಒಂದೇ ಸಲದ ವೀಸಾ ಮಾಡಿಸಬಾರದು.

ನಾವು ಹಡಗಿನಿಂದ ಇಳಿದಾಗ ಸಿಂಗಾಪುರ ಬಂದರಿನ ಬಾಗಿಲಲ್ಲಿ ಮಾವ ಕೇಳಿದರು: “ಟವೆಲ್ ಐತಿ ಅಂತ ಹೇಳಲಿಲ್ಲೇನು?”

“ಹೇಳಿದೆ ಮಾಮಾ.”

“ಏನ್ ಮಾಡಿದ್ರು?”

“ಮಡಚಿ ಕೊಟ್ಟರು.”

ಟವೆಲ್ ಕೊಟ್ಟೆ. ಮಾವ ಹೆಗಲ ಮೇಲೆ ಹಾಕಿಕೊಂಡರು. ಅಂಗಡಿಯ ಮೆಣಸಿನಕಾಯಿ ಎಲ್ಲಿಯದೆಂದು ತೀರ್ಮಾನವಾಯಿತೇ ಎಂದು ಕೇಳಿದೆ. ಮೇಲಿನದು ಬೇರೆ ಊರಿನದು, ಚೀಲದ ತಳದಲ್ಲಿದ್ದದ್ದು ಬ್ಯಾಡಗಿಯದೇ ಎಂದರು.

ಕಳೆದ ಸೋಮವಾರ ಬ್ಯಾಡಗಿ ನಿಲ್ದಾಣದಲ್ಲಿ ಮಾವ ಮತ್ತು ಅತ್ತೆ ಹಾವೇರಿ ಬಸ್ಸಿಗೆ ನಿಂತಿದ್ದರು. ನಾನೂ ಇದ್ದೆ. ಬಸ್ಸು ಬಂದಾಗ ಮಾವ ಕಿಟಕಿಯಿಂದ ಟವೆಲ್ ಎಸೆದರು. ಅತ್ತೆ ಅವರ ಕೈ ಹಿಡಿದು ಬಸ್ಸು ಹತ್ತಿಸಿ, ಟವೆಲಿನ ಮೇಲೆ ಕೂರಿಸಿದರು. ಡ್ರೈವರ್ ಚಹಾ ಕುಡಿಯಲು ಹೋದರು.