ಇಂಗ್ಲಿಷಿನಲ್ಲಿ ಬಾಯಿ ಬಿಟ್ಟ ದಿನ

ನಾನು ಚಿಕ್ಕವಳಿದ್ದಾಗ, ಈ ಹುಡುಗಿಗೆ ಮಾತೇ ಬರುವುದಿಲ್ಲವೇನೋ ಎಂದು ಒಂದು ಶಾಲೆಗೆ ಶಾಲೆಯೇ ಚಿಂತೆ ಮಾಡಿತ್ತು. ನಗಬೇಡಿ ಮಕ್ಕಳೇ. ಕಾರಿನಲ್ಲಿ ನಿಮ್ಮ ಪಕ್ಕ ಕೂತು ದಾರಿಯುದ್ದಕ್ಕೂ ನಿಮ್ಮ ತಲೆ ತಿನ್ನುತ್ತಾಳಲ್ಲ, ಇದೇ ಅಜ್ಜಿಯ ಬಗ್ಗೆಯೇ ನಾನು ಹೇಳುತ್ತಿರುವುದು.

ಆಗ ನನಗೆ ಒಂಬತ್ತು ವರ್ಷ. ಧಾರವಾಡದ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆ ಮುಗಿಸಿ, ಅಪ್ಪ ಅಮ್ಮನ ಜೊತೆ ಅಮೆರಿಕದ ಸ್ಯಾನ್ ಡಿಯಾಗೋಗೆ ಬಂದಿದ್ದೆ. ಅಪ್ಪನಿಗೆ ಮೊಬೈಲ್ ಫೋನಿನ ಕಂಪನಿಯೊಂದರಲ್ಲಿ ಎಂಜಿನಿಯರ್ ಕೆಲಸ. ಸಮುದ್ರದ ದಂಡೆಯ ಲಾ ಹೋಯಾದಿಂದ ಸ್ವಲ್ಪ ಒಳಗೆ, ನೀಲಗಿರಿ ಮರಗಳ ಸಾಲಿನ ಹಿಂದೆ ನಮ್ಮ ಅಪಾರ್ಟ್‌ಮೆಂಟು. ಬೆಳಿಗ್ಗೆ ಕಿಟಕಿ ತೆಗೆದರೆ ಸಮುದ್ರದ ತಣ್ಣನೆ ಗಾಳಿಯೂ ನೀಲಗಿರಿ ಎಣ್ಣೆಯ ವಾಸನೆಯೂ ಒಟ್ಟಿಗೇ ಬರುತ್ತಿದ್ದವು. ಇಡೀ ಊರಿಗೇ ನೆಗಡಿಯಾಗಿ ಯಾರೋ ಮದ್ದು ಹಚ್ಚಿದ್ದಾರೆ ಎಂದು ನಾನು ಅಮ್ಮನಿಗೆ ಹೇಳುತ್ತಿದ್ದೆ.

ನನಗೆ ಗೊತ್ತಿದ್ದ ಇಂಗ್ಲಿಷ್ ಎಂದರೆ ಎ ಬಿ ಸಿ ಡಿ ಅಷ್ಟೇ. ನಮ್ಮ ಕಡೆಯ ಕನ್ನಡ ಶಾಲೆಗಳಲ್ಲಿ ಆಗ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೆಯದರಲ್ಲಿ. ಇಲ್ಲಿ ನೋಡಿದರೆ ಲೆಕ್ಕವೂ ಇಂಗ್ಲಿಷಿನಲ್ಲಿ, ಆಟವೂ ಇಂಗ್ಲಿಷಿನಲ್ಲಿ, ಬಾತ್‌ರೂಮಿಗೆ ಹೋಗಲು ಕೇಳುವುದೂ ಇಂಗ್ಲಿಷಿನಲ್ಲಿ.

ಇಂಗ್ಲಿಷ್ ಬಾರದ ಮಕ್ಕಳನ್ನೆಲ್ಲ ದಿನಕ್ಕೆ ಒಂದು ಗಂಟೆ ಬೇರೆ ಕೋಣೆಗೆ ಕರೆದೊಯ್ಯುತ್ತಿದ್ದರು. ನೆಲಕ್ಕೆ ಮೆತ್ತನೆಯ ಕಾರ್ಪೆಟ್, ಗೋಡೆ ತುಂಬ ಚಿತ್ರಗಳು, ಮೇಣದ ಬಣ್ಣದ ಕಡ್ಡಿಗಳ ವಾಸನೆ. ಟೀಚರ್ ಚಿತ್ರದ ಕಾರ್ಡೊಂದನ್ನು ಎತ್ತಿ ಹಿಡಿದರೆ ಛತ್ರಿ, ಏಣಿ, ಕಿತ್ತಳೆ ಎಂದು ಎಲ್ಲರೂ ಇಂಗ್ಲಿಷಿನಲ್ಲಿ ಕೂಗಬೇಕು. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಮೆಕ್ಸಿಕೋ ಗಡಿಯಾಚೆಯ ಟಿಹುವಾನಾದಿಂದ ಬಂದ ಹುಡುಗಿ. ಅವಳ ಮನೆ ಮಾತು ಸ್ಪ್ಯಾನಿಷ್. ಅವಳಿಗೆ ಅಂಜಿಕೆಯೆಂಬುದೇ ಇರಲಿಲ್ಲ. ಬಾಯಿಗೆ ಬಂದಂತೆ ಇಂಗ್ಲಿಷ್ ಆಡುತ್ತಿದ್ದಳು, ಅರ್ಧಕ್ಕೆ ಸ್ಪ್ಯಾನಿಷ್ ತುಂಬುತ್ತಿದ್ದಳು. ಟೀಚರ್ ಬೈಯುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಒಗೆದ ಬಟ್ಟೆಯನ್ನು ಕೊಡವಿ ಮಡಚಿ ಕೊಡುವ ಹಾಗೆ, ಅವಳ ಮಾತನ್ನೇ ನೆಟ್ಟಗೆ ಮಾಡಿ ತಿರುಗಿ ಹೇಳುತ್ತಿದ್ದರು. ಅವಳೂ ಅದನ್ನು ಇಸಿದುಕೊಂಡು ಮುಂದೆ ಹೋಗುತ್ತಿದ್ದಳು. ಮಧ್ಯಾಹ್ನ ನನ್ನ ಡಬ್ಬಿಯ ಚಪಾತಿ ಸುರುಳಿಯನ್ನು ಅರ್ಧ ಮುರಿದು ತಿನ್ನುತ್ತಿದ್ದವಳೂ ಅವಳೇ. ತನ್ನ ಮನೆಯ ಬುರಿಟೊಗೆ ಅದು ತಮ್ಮನಾಗಬೇಕು ಎಂದು ಅವಳ ತೀರ್ಮಾನ.

ನಾನು ಮಾತ್ರ ತುಟಿ ಎರಡು ಮಾಡುತ್ತಿರಲಿಲ್ಲ. ಅದಕ್ಕೆ ಕಾರಣ ಅಪ್ಪ ಹೇಳಿಕೊಟ್ಟ ನಿಯಮ. ಅಪ್ಪನೂ ಕನ್ನಡ ಶಾಲೆಯಲ್ಲಿ ಕಲಿತವರು. ಎಂಜಿನಿಯರಿಂಗ್ ಕಾಲೇಜಿನ ಮೊದಲ ವಾರ ಎದ್ದು ನಿಂತು ಒಂದು ವಾಕ್ಯ ತಪ್ಪಾಗಿ ಹೇಳಿದ್ದಕ್ಕೆ ಇಡೀ ಕ್ಲಾಸು ಗೊಳ್ಳೆಂದು ನಕ್ಕಿತ್ತಂತೆ. ಎಷ್ಟು ವರ್ಷ ಕಳೆದರೂ ಆ ನಗು ಅವರ ಕಿವಿಯಿಂದ ಹೋಗಿರಲಿಲ್ಲ. ಹಾಗಾಗಿ ಶಾಲೆಯ ಮೊದಲ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು: "ತಪ್ಪು ಇಂಗ್ಲಿಷ್ ಮಾತಾಡಿದ್ರ ಮಂದಿ ನಗ್ತಾರ. ಮೊದ್ಲ ಪೂರಾ ವಾಕ್ಯ ಮನಸ್ಸಿನ್ಯಾಗ ಜೋಡಿಸ್ಕೊ. ಆಮ್ಯಾಲೆ ಬಾಯಿ ತಗಿ."

ನಾನು ಅಪ್ಪನ ಮಾತು ಮೀರುವವಳಲ್ಲ. ಕ್ಲಾಸಿನಲ್ಲಿ ಡೈನೋಸಾರ್ ಬಗ್ಗೆ ಕೇಳಿದರೆ ಮನಸ್ಸಿನಲ್ಲಿ ಒಂದೊಂದೇ ಪದ ಹುಡುಕಿ, ಹಿಂದೆ ಮುಂದೆ ಸರಿಸಿ, ಜೋಡಿಸುತ್ತಾ ಕೂರುತ್ತಿದ್ದೆ. ವಾಕ್ಯ ತಯಾರಾಗುವ ಹೊತ್ತಿಗೆ ಡೈನೋಸಾರ್‌ಗಳು ಹೋಗಿ ಭಾಗಾಕಾರ ಶುರುವಾಗಿರುತ್ತಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನಾನು ಆ ವರ್ಷ ಒಂದು ಬಂಗಾರದ ಗಣಿಯೇ ಆಗಿದ್ದೆ.

ಆದರೆ ಮೌನವಾಗಿದ್ದೆನೇ ಹೊರತು ನನ್ನ ಕಿವಿ ಸುಮ್ಮನಿರಲಿಲ್ಲ. ಊಟವಾದ ಮೇಲೆ ಕಾರ್ಪೆಟ್ ಕೋಣೆಯ ಟೀಚರ್ ಗಟ್ಟಿಯಾಗಿ ಕಥೆ ಓದುತ್ತಿದ್ದರು. ಮೊದಮೊದಲು ಅದು ಬರೀ ಸದ್ದು. ದಸರೆಯ ಹೊತ್ತಿಗೆ ಆ ಸದ್ದಿನೊಳಗೆ ಅಲ್ಲೊಂದು ಇಲ್ಲೊಂದು ಗುರುತಿನ ಪದ ಕಂಡಿತು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಕಥೆಯೊಳಗಿನ ನರಿ ಏನು ಯೋಚಿಸುತ್ತಿದೆ ಎಂಬುದೂ ಗೊತ್ತಾಗುತ್ತಿತ್ತು. ಎಲ್ಲರೂ ನಗುವ ಜಾಗದಲ್ಲಿ ನನಗೂ ನಗು ಬರುತ್ತಿತ್ತು, ಅದನ್ನು ಕೆನ್ನೆಯೊಳಗೇ ಇಟ್ಟುಕೊಳ್ಳುತ್ತಿದ್ದೆ. ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಂತೆ ಅದೇ ಕಥೆಯನ್ನು ಕನ್ನಡದಲ್ಲಿ ಅಮ್ಮನಿಗೆ ಅರಳು ಹುರಿದಂತೆ ಹೇಳುತ್ತಿದ್ದೆ. ಅಮ್ಮ ಒಗ್ಗರಣೆಗೆ ಸಾಸಿವೆ ಹಾಕುವಾಗಲೂ ಬಿಡುತ್ತಿರಲಿಲ್ಲ. ಅಪ್ಪ ಆಫೀಸಿನಿಂದ ಬಂದರೆ ಅವರಿಗೂ ಮೊದಲಿನಿಂದ. "ಸಾಕು ಬಾಯಿ ಮುಚ್ಚವಾ ತಾಯಿ, ತಲಿ ಚಿಟ್ಟ ಹಿಡೀತು," ಎಂದು ಅಪ್ಪ ದಿನವೂ ಹೇಳುತ್ತಿದ್ದರು.

ಮೇ ತಿಂಗಳಲ್ಲಿ ಶಾಲೆಯಿಂದ ಫೋನ್ ಬಂತು. ಅಪ್ಪ ಅಮ್ಮ ಇಬ್ಬರೂ ಬರಬೇಕಂತೆ, ನನ್ನ ವಿಷಯ ಮಾತಾಡಬೇಕಂತೆ. ಅಪ್ಪ ಅರ್ಧ ದಿನ ರಜೆ ಹಾಕಿದರು. ಆ ಬೆಳಿಗ್ಗೆ ಸಮುದ್ರದ ಕಡೆಯಿಂದ ಮಂಜು ದಟ್ಟವಾಗಿ ಬಂದು ಎದುರಿನ ಕಾರೂ ಕಾಣುತ್ತಿರಲಿಲ್ಲ. ರಾತ್ರಿ ಉದುರಿದ ಜಕರಂಡಾ ಮರದ ನೇರಳೆ ಹೂಗಳು ನಮ್ಮ ಕಾರಿನ ಗಾಜಿಗೆ ಅಂಟಿಕೊಂಡಿದ್ದವು. ಅಮ್ಮ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದಳು. "ಅವರು ಏನ್ ಕೇಳಿದ್ರೂ ನಾ ಹೇಳ್ತೀನಿ. ನೀವಿಬ್ರೂ ಸುಮ್ಮ ಕೂಡ್ರಿ," ಎಂದರು ಅಪ್ಪ.

ಅದೇ ಕಾರ್ಪೆಟ್ ಕೋಣೆ. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂತ ಅಪ್ಪನ ಮೊಣಕಾಲು ಎದೆಗೆ ಬಂದಿತ್ತು. ನಮ್ಮೆದುರು ಟೀಚರ್, ಅವರ ಪಕ್ಕದಲ್ಲಿ ಬೇರೆ ಶಾಲೆಯಿಂದ ಬಂದ, ಬೆಳ್ಳಗಿನ ಕೂದಲಿನ ಒಬ್ಬ ಮೇಡಂ. ಮಾತು ತಡವಾದ ಮಕ್ಕಳಿಗೆ ಕಲಿಸುವವರು ಅವರು. ನೋಟ ಮೆದುವಾಗಿತ್ತು. ನನಗೊಂದು ಚಿತ್ರದ ಪುಸ್ತಕ ತೋರಿಸಿ, ಇಲ್ಲಿ ಏನಾಗುತ್ತಿದೆ ಹೇಳು ಎಂದರು. ಹುಡುಗನೊಬ್ಬ ಗೋಡೆಯ ಮೇಲಿಂದ ಬೀಳುತ್ತಿದ್ದ. ಹುಡುಗ ಗೊತ್ತು, ಗೋಡೆ ಗೊತ್ತು, ಬೀಳುವುದೂ ಗೊತ್ತು. ಎಂದಿನಂತೆ ಜೋಡಿಸುತ್ತಾ ಕೂತೆ. ಅವರು ಬಹಳ ಹೊತ್ತು ಕಾದು, ಪುಟ ತಿರುಗಿಸಿದರು.

ಆಮೇಲೆ ಅವರು ಅಪ್ಪನಿಗೆ ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು. ಈ ಹುಡುಗಿ ವರ್ಷವಿಡೀ ಒಂದು ಮಾತೂ ಆಡಿಲ್ಲ. ಹೊಸ ಭಾಷೆಗೆ ಬಂದ ಮಕ್ಕಳು ಕೆಲವು ಕಾಲ ಸುಮ್ಮನಿರುವುದುಂಟು, ಆದರೆ ಇದು ತೀರಾ ದೀರ್ಘವಾಯಿತು. ಇವಳನ್ನು ತಮ್ಮ ಶಾಲೆಗೆ ಕಳಿಸಬೇಕು, ಬೆಳಿಗ್ಗೆ ಬಸ್ಸು ಮನೆಗೇ ಬರುತ್ತದೆ. ಅದು ಕೆಟ್ಟ ಶಾಲೆಯೇನಲ್ಲ ಮಕ್ಕಳೇ, ಅಲ್ಲಿಗೆ ಹೋಗಬೇಕಾದ ಮಕ್ಕಳಿಗೆ ಅದು ದೊಡ್ಡ ಆಸರೆ. ಆದರೆ ನನ್ನ ಕಥೆಯ ಹೊತ್ತು, ನನ್ನ ಟೀಚರ್, ಚಪಾತಿ ಮುರಿದು ತಿನ್ನುವ ನನ್ನ ಗೆಳತಿ, ಎಲ್ಲವೂ ಇಲ್ಲೇ ಉಳಿಯುತ್ತಿದ್ದವು.

ನಿರ್ಧಾರಕ್ಕೆ ಮೊದಲು ಕೆಲವು ಪ್ರಶ್ನೆಗಳಿವೆ ಎಂದರು ಮೇಡಂ. ಇವಳು ಮನೆಯಲ್ಲಿ ನಿಮ್ಮ ಭಾಷೆಯಲ್ಲಾದರೂ ಮಾತಾಡುತ್ತಾಳಾ?

ಈಗ ಒಂದು ವಿಷಯ ನಿಮಗೆ ಗೊತ್ತಿರಬೇಕು. ನಮ್ಮ ಕಡೆ ಹೆತ್ತವರು ಪರರ ಮುಂದೆ ತಮ್ಮ ಮಕ್ಕಳನ್ನು ಹೊಗಳುವ ಹಾಗಿಲ್ಲ. ಹೊಗಳಿದರೆ ದೃಷ್ಟಿ ತಾಗುತ್ತದೆ, ಮೇಲಾಗಿ 'ಹೆತ್ತವರಿಗೆ ಹೆಗ್ಗಣ ಮುದ್ದು' ಎಂದು ಜನ ಆಡಿಕೊಳ್ಳುತ್ತಾರೆ. ಯಾರಾದರೂ ಮಗಳು ಹೇಗೆ ಎಂದು ಕೇಳಿದರೆ, "ಏನ್ ಬಿಡ್ರಿ, ಭಾಳ ಮೈಗಳ್ಳಿ," ಎನ್ನಬೇಕು. ಕೇಳಿದವರು ತಕ್ಷಣ, "ಏ, ಹಂಗ್ಯಾಕಂತೀರಿ, ಹುಡುಗಿ ಭಾಳ ಶಾಣ್ಯಾ ಅದಾಳ," ಎನ್ನಬೇಕು. ಆಗ ಚಹಾ ಬರುತ್ತದೆ. ನಾನು ಧಾರವಾಡದಲ್ಲಿ ಕ್ಲಾಸಿಗೇ ಮೊದಲು ಬಂದಾಗ ಅಪ್ಪ ಒಂದು ಹೊಗಳಿಕೆಯ ಮಾತೂ ಆಡಿರಲಿಲ್ಲ, ಓಣಿಯ ಎಲ್ಲ ಮನೆಗಳಿಗೂ ಪೇಢೆ ಹಂಚಿದ್ದರು.

ಮನೆಗೆ ಬಂದ ನೆಂಟರ ಮುಂದೆ ನಗುವ ಆ ನಾಚಿಕೆಯ ನಗುವನ್ನೇ ನಕ್ಕು ಅಪ್ಪ ಹೇಳಿದರು: "ನಾಟ್ ಮಚ್."

ಪುಸ್ತಕ ಓದುತ್ತಾಳಾ?

"ಸಮ್‌ಟೈಮ್ಸ್. ವೆರಿ ಲೇಜಿ."

ನಿಮ್ಮ ಊರಿನ ಶಾಲೆಯಲ್ಲಿ ಹೇಗಿದ್ದಳು?

"ಜಸ್ಟ್ ಆವರೇಜ್."

ಅಪ್ಪ ಕಾದರು. ಹಾಗೆ ಹೇಳಬೇಡಿ ಎಂದು ಈಗ ಎದುರಿನವರು ಅನ್ನಬೇಕು. ಅವರು ಅನ್ನಲಿಲ್ಲ. ಒಂದೊಂದು ಮಾತಿಗೂ ಮರುಕದಿಂದ ತಲೆಯಾಡಿಸಿ ಎಲ್ಲವನ್ನೂ ಬರೆದುಕೊಂಡರು.

ಅಮ್ಮನಿಗೆ ಇಂಗ್ಲಿಷ್ ಕಡಿಮೆ, ಆದರೆ ಮೇಡಂ ಮುಖ ನೋಡಿಯೇ ಏನೋ ಎಡವಟ್ಟಾಗುತ್ತಿದೆ ಎಂದು ಅವಳಿಗೆ ತಿಳಿಯಿತು. ಅಪ್ಪನ ತೋಳು ಜಗ್ಗಿ, "ರೀ, ಏನ್ ಹೇಳಾಕತ್ತೀರಿ ನೀವು? ಖರೇ ಹೇಳ್ರಿ," ಎಂದು ಪಿಸುಗುಟ್ಟಿದಳು. "ಮಂದಿ ಮುಂದ ಹೆಂಗ ಹೊಗಳೂದು," ಎಂದು ಅಪ್ಪ ಅಷ್ಟೇ ಮೆಲ್ಲಗೆ ಗೊಣಗಿದರು. ಆದರೆ ತಾವು ಎಲ್ಲಿ ಸಿಕ್ಕಿಕೊಂಡೆವೆಂದು ಅವರಿಗೂ ತಿಳಿಯಲು ಶುರುವಾಗಿತ್ತು. ಸಭ್ಯತೆಗೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ ಎಂಬುದು ಮಾತ್ರ ಅವರಿಗೆ ಕನ್ನಡದಲ್ಲೂ ಗೊತ್ತಿರಲಿಲ್ಲ. ಮೇಡಂ ಸಹಿಗಾಗಿ ಒಂದು ಹಾಳೆ ಮುಂದಿಟ್ಟರು. ಅಪ್ಪನ ಕೈ ಜೇಬಿನ ಪೆನ್ನಿಗೆ ಹೋಯಿತು.

"ನೋ," ಎಂದೆ ನಾನು.

ಎಲ್ಲರೂ ನನ್ನತ್ತ ತಿರುಗಿದರು. ಜೋಡಿಸಲು ಹೊತ್ತಿರಲಿಲ್ಲ. "ಅಪ್ಪ ಟೆಲ್ಲಿಂಗ್ ರಾಂಗ್. ಐ ಟಾಕಿಂಗ್ ಹೋಲ್ ಡೇ. ಮಾರ್ನಿಂಗ್ ಟಾಕಿಂಗ್, ನೈಟ್ ಟಾಕಿಂಗ್. ಅಪ್ಪ ಓನ್ಲಿ ಎವೆರಿಡೇ ಸೇಯಿಂಗ್ ಶಟ್ ಮೌತ್. ಇನ್ ಧಾರವಾಡ ಐ ಆಮ್ ಫಸ್ಟ್. ಹೀ ಗಿವಿಂಗ್ ಸ್ವೀಟ್ ಆಲ್ ಹೌಸ್." ಅಷ್ಟಕ್ಕೇ ನಿಲ್ಲಲಿಲ್ಲ. ಮೇಡಂ ಕೈಯಿಂದ ಚಿತ್ರದ ಪುಸ್ತಕ ಎಳೆದುಕೊಂಡು ಗೋಡೆಯಿಂದ ಬೀಳುವ ಹುಡುಗನನ್ನು ಹುಡುಕಿದೆ. ಅವನು ಏಕೆ ಬಿದ್ದ, ಅವನ ಅಮ್ಮ ಈಗ ಏನೆಂದು ಬೈಯುತ್ತಾಳೆ ಎಂಬುದನ್ನೂ ಹೇಳಿದೆ. ಒಂದು ವಾಕ್ಯವೂ ನೆಟ್ಟಗಿರಲಿಲ್ಲ.

ಟೀಚರ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಅವರ ಕಣ್ಣು ತುಂಬಿತ್ತು. ಆಮೇಲೆ ತಮ್ಮ ಎಂದಿನ ರೀತಿಯಲ್ಲಿ ನನ್ನ ಮಾತನ್ನೇ ನೆಟ್ಟಗೆ ಮಾಡಿ, "ಹೋ, ನೀನು ದಿನವಿಡೀ ಮಾತಾಡುತ್ತೀಯಾ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಎಸ್," ಎಂದೆ.

ಆಗಲೇ ನನಗೆ ಭಯವಾದದ್ದು. ತಪ್ಪು ಇಂಗ್ಲಿಷ್ ಆಡಿದ್ದು ಒಂದು, ಹೊರಗಿನವರ ಮುಂದೆ ಅಪ್ಪನನ್ನು ಸುಳ್ಳುಗಾರ ಮಾಡಿದ್ದು ಇನ್ನೊಂದು. ಮೆಲ್ಲಗೆ ಅಪ್ಪನ ಮುಖ ನೋಡಿದೆ. ಅವರು ಪೆನ್ನನ್ನು ಜೇಬಿಗೆ ಮರಳಿ ಸಿಕ್ಕಿಸುತ್ತಿದ್ದರು. ಆಮೇಲೆ ಮಾತಾಡಲು ತೊಡಗಿದರು. ಮಗಳು ಹೇಳಿದ್ದೇ ನಿಜ, ಇವಳ ಮಾತಿಗೆ ಮನೆಯಲ್ಲಿ ಕಿವಿ ಉಳಿಯುವುದಿಲ್ಲ, ಊರಿನಿಂದ ತಂದ ಪುಸ್ತಕವನ್ನೆಲ್ಲ ಓದಿ ಮುಗಿಸಿ ಈಗ ಉಪ್ಪಿನಕಾಯಿ ಬಾಟಲಿಯ ಚೀಟಿ ಓದುತ್ತಾಳೆ, ಬಾಯಿ ಬಿಡಬೇಡ ಎಂದು ಕಲಿಸಿದ ದಡ್ಡ ನಾನೇ, ಎಂದರು. ಅಪ್ಪ ಅಷ್ಟು ತಪ್ಪು ತಪ್ಪಾಗಿ ಇಂಗ್ಲಿಷ್ ಆಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅಷ್ಟು ಸಲೀಸಾಗಿ ಆಡಿದ್ದನ್ನೂ ಕೇಳಿರಲಿಲ್ಲ.

ಹಾಗಾದರೆ ಮೊದಲೇ ಏಕೆ ಹೇಳಲಿಲ್ಲ ಎಂದು ಮೇಡಂ ಕೇಳಿದರು. ಅಪ್ಪ ಗಾದೆ ಹೇಳಲು ಹೊರಟರು. ಹೆಗ್ಗಣಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಅವರಿಗೆ ಗೊತ್ತಿರಲಿಲ್ಲ. "ಮೇಡಂ, ಫಾರ್ ಪೇರೆಂಟ್ಸ್, ಬಿಗ್ ರ್ಯಾಟ್ ಆಲ್ಸೋ ಬ್ಯೂಟಿಫುಲ್," ಎಂದರು. ಮೊದಲು ಟೀಚರ್ ನಕ್ಕರು, ಆಮೇಲೆ ಮೇಡಂ ನಕ್ಕರು, ಅರ್ಥವಾಗದಿದ್ದರೂ ಅಮ್ಮ ನಕ್ಕಳು. ಅಪ್ಪನಿಗೂ ನಗು ತಡೆಯಲಾಗಲಿಲ್ಲ. ಪುಟ್ಟ ಕುರ್ಚಿಯಲ್ಲಿ ಅಲುಗಾಡುತ್ತಾ ಕಣ್ಣೊರೆಸಿಕೊಂಡರು. ಮೇಡಂ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು, ಈ ಹುಡುಗಿ ಎಲ್ಲಿಗೂ ಹೋಗುವುದು ಬೇಡ ಎಂದರು.

ಹೊರಗೆ ಬಂದಾಗ ಮಂಜು ಕರಗಿ ಬಿಸಿಲು ಬಿದ್ದಿತ್ತು. ಅಮ್ಮ ಕಾರಿನ ಬಾಗಿಲಿಗೆ ಒರಗಿ, "ಯಪ್ಪಾ, ಜೀವ ಬಂತು," ಎಂದು ನಿಟ್ಟುಸಿರು ಬಿಟ್ಟಳು. ನನಗೂ ಮೈ ಹಗುರವಾಗಿ, ಅಲ್ಲೇ ಕುಣಿಯಬೇಕೆನ್ನಿಸಿತು. ಅಪ್ಪ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಇನ್ನ ಮ್ಯಾಲೆ ಹೆಂಗ ಬರ್ತದ ಹಂಗ ಮಾತಾಡು. ಯಾರರೆ ನಕ್ಕರ, ನೀನೂ ಅವರ ಕೂಡ ನಕ್ಕುಬಿಡು," ಎಂದರು. ಆಮೇಲೆ ಎದ್ದು, "ಮನ್ಯಾಗ ಮಾತ್ರ ಚೂರು ಕಮ್ಮಿ ಮಾಡು," ಎಂದರು.

ಆ ಶನಿವಾರ ಲಾಸ್ ಏಂಜಲೀಸಿಗೆ ಡ್ರೈವ್ ಮಾಡಿಕೊಂಡು ಹೋಗಿ ಅಲ್ಲಿನ ಪೋರ್ಟರ್ ರ್ಯಾಂಚ್ ಬಡಾವಣೆಯಲ್ಲಿದ್ದ, ಅಪ್ಪನ ಗೆಳೆಯರಾದ ಅಂಕಲ್ ಒಬ್ಬರ ಮನೆಯಲ್ಲಿ ಊಟ ಮಾಡಿದೆವು. ನಮ್ಮ ಕಡೆಯ ನಾಲ್ಕಾರು ಮನೆಯವರು ಸೇರಿದ್ದರು. ಅಪ್ಪ ಎಲ್ಲರ ಮುಂದೆ ನನ್ನ ಇಂಗ್ಲಿಷನ್ನು ಒಂದಕ್ಷರ ಬಿಡದೆ ಹೇಳಿ, "ಹೆಂಗ ಮಾತಾಡಿದಳು ನೋಡ್ರಿ ನನ್ನ ಮಗಳು," ಎಂದರು. ಯಾರು ಏನೆಂದುಕೊಂಡಾರೆಂದು ಒಮ್ಮೆಯೂ ನೋಡಲಿಲ್ಲ. ಅಪ್ಪ ನನ್ನನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಿಮ್ಮ ಕಾಲ ಬೇರೆ ಮಕ್ಕಳೇ. ಯಾವ ದೇಶದವರು ಎದುರಿಗೆ ಬಂದರೂ ನಿಮ್ಮ ಕಿವಿಯಲ್ಲಿ ಸಿಕ್ಕಿಸಿಕೊಂಡ ಆ ಗುಂಡಿ ತಟ್ಟನೆ ಅರ್ಥ ಹೇಳಿಬಿಡುತ್ತದೆ. ತಪ್ಪು ಮಾಡುವ ಪ್ರಮೇಯವೇ ಇಲ್ಲ, ನಗಿಸಿಕೊಳ್ಳುವ ಭಯವೂ ಇಲ್ಲ. ನಾನು ಕನ್ನಡದಲ್ಲಿ ಕೇಳಿದರೆ ನೀವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತೀರಿ. ಈ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ನಿಮ್ಮಮ್ಮ ಕೊರಗುತ್ತಾಳೆ. ನಾನು ಕೊರಗುವುದಿಲ್ಲ. ನನ್ನ ಮಾತಿಗೆ ನೀವು ಸರಿಯಾದ ಜಾಗದಲ್ಲಿ ನಗುತ್ತೀರಲ್ಲ, ಅಷ್ಟು ನನಗೆ ಸಾಕು. ಒಳಗೆ ಏನಿದೆ ಎಂದು ನನಗೆ ಗೊತ್ತು.

ಮೊನ್ನೆ ಊಟಕ್ಕೆ ಕೂತಾಗ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು ನನ್ನ ತಟ್ಟೆ ನೋಡಿ, ಕನ್ನಡದಲ್ಲೇ, "ಅಜ್ಜಿ ಭಾಳ ನಿಧಾನ ತಿಂತಾನೆ," ಎಂದ. ತಿದ್ದಲು ನಿಮ್ಮಮ್ಮ ಬಾಯಿ ತೆರೆದಳು. ನಾನು ಕಣ್ಣಲ್ಲೇ ಬೇಡವೆಂದೆ. ಅವನು ಇನ್ನೊಂದು ಮಾತು ಆಡಬಹುದೆಂದು ಕಾಯುತ್ತಾ, ನಾನು ಇನ್ನಷ್ಟು ನಿಧಾನವಾಗಿ ತಿಂದೆ.