ಕೃಷ್ಣವಿವರ

ಕಪ್ಪುಕುಳಿಗೆ ಮರಾಠಿಯಲ್ಲಿ ಕೃಷ್ಣವಿವರ ಎನ್ನುತ್ತಾರೆ. ಅವರ ‘ವಿವರ’ ಎಂದರೆ ಬಿಲ, ತೂತು. ನಮ್ಮ ವಿವರವೇ ಬೇರೆ. ಈ ಒಂದು ಶಬ್ದ ನನ್ನ ಮಾನ ಕಳೆಯಿತು.

ಪುಣೆಯ ನಮ್ಮ ಬಡಾವಣೆಯ ಕನ್ನಡ ಸಂಘದವರು ಭಾಷಣಕ್ಕೆ ಕರೆದಾಗ ಕುಣಿದಾಡಿದ್ದೆ. ಕಾರಣ ಅಪ್ಪ. ಹಿಂಜವಾಡಿಯ ಕಂಪನಿಗೆ ಹೋಗುವ ಅಣ್ಣನ ಕ್ಯಾಬ್ ಯಾವಾಗ ಬರುತ್ತದೆಂಬುದು ಅವರಿಗೆ ಬಾಯಿಪಾಠ. ಆಕಾಶ ನೋಡುವ ರೇಡಿಯೋ ಟೆಲಿಸ್ಕೋಪಿನವರ ಜೊತೆ ಕೂತು ನಾನೇನು ಮಾಡುತ್ತೇನೆಂದು ಒಂದು ದಿನವೂ ಕೇಳಿದವರಲ್ಲ. ಅವತ್ತು ಮಾತ್ರ ಇಸ್ತ್ರಿ ಅಂಗಿ ತೊಟ್ಟು ನನಗಿಂತ ಮೊದಲೇ ಹೊರಟು ನಿಂತಿದ್ದರು.

ಸಭಾಂಗಣಕ್ಕೆ ಹೋದರೆ ವೇದಿಕೆಯ ಮೇಲೆ ಕೊಳಲು ಹಿಡಿದ ಕೃಷ್ಣನ ಫೋಟೋ, ತುಳಸಿಮಾಲೆ. ಬೋರ್ಡಿನಲ್ಲಿ ‘ಶ್ರೀಕೃಷ್ಣನ ವಿವರ: ಉಪನ್ಯಾಸ’. ಅಜ್ಜಿಯರು ಕೈಮುಗಿದು ಕೂತಿದ್ದರು.

“ಇದೇನ್ರಿ?” ಎಂದು ಕಾರ್ಯದರ್ಶಿಯನ್ನು ಕೇಳಿದೆ.

“ವಿಷಯ ನಿಮ್ಮ ತಂದಿಯವರೇ ಕೊಟ್ಟಾರಲ್ರಿ ಮೇಡಂ.”

ನಾನು ಹೇಳಿಕಳಿಸಿದ್ದ ‘ಕೃಷ್ಣವಿವರ’ ಅಪ್ಪನಿಗೆ ತಪ್ಪಾಗಿ ಕೇಳಿಸಿರಬೇಕು ಎಂದುಕೊಂಡು ಮಾತು ಶುರುಮಾಡಿದೆ. ಭಾರೀ ನಕ್ಷತ್ರದ ಉರುವಲು ತೀರಿದರೆ ಅದು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ; ಆಮೇಲೆ ಅಲ್ಲಿಂದ ಬೆಳಕೂ ಹೊರಬರಲಾರದು. ಕಣ್ಣಿಗೆ ಕಾಣದು ನಿಜ. ಆದರೆ ಪಕ್ಕದ ನಕ್ಷತ್ರ ಏನೂ ಇಲ್ಲದಂತಿರುವ ಜಾಗವನ್ನು ಸುತ್ತುತ್ತದೆ, ಒಳಬೀಳುವ ಅನಿಲ ಕಾದು ಎಕ್ಸ್‌ರೇ ಸೂಸುತ್ತದೆ. ಅದರ ಸುತ್ತಲಿನಿಂದ ಚಿಮ್ಮುವ ಧಾರೆಗಳ ರೇಡಿಯೋ ಅಲೆಗಳನ್ನು ಹಿಡಿಯುವುದೇ ನನ್ನ ಕೆಲಸ ಎಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅಜ್ಜಿಯರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕಿದರು. ಅಪ್ಪ ಮಾತ್ರ ಕದಲಲಿಲ್ಲ. ಇಷ್ಟು ಸಾಕು ಎಂದು ಅವರೊಬ್ಬರಿಗಾಗಿಯೇ ಕೊನೆಯವರೆಗೂ ಹೇಳಿದೆ.

ವಾಪಸು ಬರುವಾಗ ರಿಕ್ಷಾದಲ್ಲಿ ಕೇಳಿದೆ: “ಅಪ್ಪಾ, ಜನ್ಮಪೂರ್ತಿ ಮರಾಠಿ ಮಂದಿ ಆಫೀಸಿನ್ಯಾಗ ಗುಮಾಸ್ತಗಿರಿ ಮಾಡೀರಿ. ವಿವರ ಅಂದ್ರ ತೂತು ಅಂತ ಗೊತ್ತಿರಲಿಲ್ಲೇನು?”

“ಗೊತ್ತದ. ನಿನ್ನ ನೌಕರಿ ಏನು ಅಂತ ಮಂದಿ ಕೇಳ್ತಾರ. ಮಗಳು ಕಾಣದ ತೂತು ಹುಡಕ್ತಾಳ ಅಂತ ಹೇಳ್ಲೇನು? ಕೃಷ್ಣನ ಮ್ಯಾಲೆ ಸಂಶೋಧನಾ ಮಾಡ್ತಾಳ ಅಂತ ಇಷ್ಟು ವರ್ಷ ಹೇಳ್ಕೋತ ಬಂದೀನಿ.”

ಸಿಟ್ಟಿಗೆ ಕಣ್ಣು ತುಂಬಿತು. ನನ್ನ ದುಡಿಮೆಯನ್ನೆಲ್ಲ ಈ ಮನುಷ್ಯ ನೆಂಟರಿಷ್ಟರ ಮುಂದೆ ಅಳಿಸಿಹಾಕಿಕೊಂಡೇ ಬಂದಿದ್ದರು. ಆದರೆ ಸಿಟ್ಟು ಅವರಿಗೂ ಬಂದಿತ್ತು, ಮುಖ ಆಚೆ ತಿರುಗಿಸಿದರು.

“ಬೋರ್ಡ್ ನೋಡಿದ ಮ್ಯಾಲಾದ್ರೂ ಕೃಷ್ಣನ ಬಗ್ಗೆ ನಾಕು ಮಾತು ಆಡ್ತಿ ಅನ್ಕೊಂಡಿದ್ದೆ. ಎಲ್ಲಾರ ಮುಂದ ನನ್ನ ಸುಳ್ಳುಗಾರನ್ನ ಮಾಡಿದಿ.”