ಹೊಳಗುಂದದ ದಾರಿಯ ‘ಎಡ ಬಿಡು’

ನಮ್ಮ ಭಾವ ಚನ್ನಬಸಯ್ಯ ವೀಳ್ಯದೆಲೆಯನ್ನು ಕೂಡ ಎರಡೂ ಕಡೆ ತಿರುಗಿಸಿ ನೋಡದೆ ಬಾಯಿಗೆ ಹಾಕಿಕೊಂಡವರಲ್ಲ. ನಮ್ಮಕ್ಕ ಗುರುಬಸಮ್ಮನನ್ನು ನೋಡಲು ಬಂದ ದಿನ ನಮ್ಮವ್ವ ಕೊಟ್ಟ ಮಜ್ಜಿಗೆಯನ್ನು ಮೂಸಿ ನೋಡಿ ಆಮೇಲೆ ಕುಡಿದರು. ಇಂಥವರಿಗೆ ಹೆಣ್ಣು ಕೊಡಬೇಡಿ ಎಂದು ನಾನು ಆವತ್ತೇ ಹೇಳಿದೆ. ಸಣ್ಣವನ ಮಾತು ಯಾರು ಕೇಳುತ್ತಾರೆ? ಕೊಟ್ಟರು.

ಅವರಿಗೆ ಸಿಕ್ಕ ಕೆಲಸವೂ ಅವರ ಗುಣಕ್ಕೆ ತಕ್ಕದ್ದೇ. ಆದೋನಿಯ ಒಬ್ಬ ಸಣ್ಣ ಹತ್ತಿ ವ್ಯಾಪಾರಿಗೆ ಹಳ್ಳಿಗಳಿಂದ ನಮೂನೆ ತಂದುಕೊಡುವುದು. ಸೈಕಲ್ ಹತ್ತಿ ಹೊಳಗುಂದದ ಕಡೆ ಹೋಗುತ್ತಿದ್ದರು. ರೈತನ ಮನೆಯಲ್ಲಿ ಹತ್ತಿಯ ರಾಶಿಗೆ ಭುಜದವರೆಗೆ ಕೈ ತೂರಿಸಿ ಒಳಗಿನಿಂದ ಒಂದು ಹಿಡಿ ಎಳೆಯುತ್ತಿದ್ದರು. ಮೇಲಿನ ಹತ್ತಿಯನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಮೇಲಿರುವುದು ತೋರಿಸಲಿಕ್ಕೆ ಇಟ್ಟದ್ದು ಎನ್ನುವುದು ಅವರ ವಾದ. ಆ ಹಿಡಿಯನ್ನು ಚೀಲಕ್ಕೆ ತುಂಬಿಕೊಂಡು ಪೇಟೆಗೆ ತಂದರೆ, ಅದನ್ನು ನೋಡಿ ವ್ಯಾಪಾರಿ ಮಾಲು ಕೊಳ್ಳುತ್ತಿದ್ದ.

ಮಧ್ಯಾಹ್ನ ಮರದಡಿಯಲ್ಲಿ ಕಣ್ಣು ಮುಚ್ಚುವಾಗ ಸೈಕಲ್ಲನ್ನು ಟವೆಲ್ಲಿನಿಂದ ತಮ್ಮ ಕಾಲಿಗೆ ಕಟ್ಟಿಕೊಳ್ಳುತ್ತಿದ್ದರು. ಪಂಪನ್ನಂತೂ ಸೈಕಲ್ಲಿನಲ್ಲಿ ಬಿಡುತ್ತಲೇ ಇರಲಿಲ್ಲ. ಮಠಕ್ಕೆ ಹೋದರೆ ಒಂದು ಕೈಯಲ್ಲಿ ವಿಭೂತಿ, ಇನ್ನೊಂದು ಕೈಯಲ್ಲಿ ಪಂಪು. ಆದೋನಿ ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡವನು ನಾನು, ಅವರ ಹೆಂಡತಿಯ ಸ್ವಂತ ತಮ್ಮ. ನಾನು ಪಂಚರ್ ಹಾಕುವಾಗಲೂ ಟ್ಯೂಬು ಬದಲಾಯಿಸಿಬಿಟ್ಟೇನು ಎಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯುದ್ಧದ ಕಾಲ ಅದು. ಹೊಳಗುಂದದ ದಾರಿಯಲ್ಲಿ ನಡುವೆ ಮಾತ್ರ ಜಲ್ಲಿ ಹಾಕಿದ್ದರು. ಎರಡೂ ಪಕ್ಕ ಎರೆಮಣ್ಣು, ಅದರಾಚೆ ಜಾಲಿಮುಳ್ಳು. ಎತ್ತಿನ ಬಂಡಿಯೊಂದು ಬಂದರೆ ಸೈಕಲ್ಲಿನವನು ಇಳಿದು ನಿಲ್ಲಬೇಕು. ಆ ದಾರಿಯಲ್ಲಿ ಓಡಾಡುತ್ತಿದ್ದ ಕಾರು ಒಂದೇ. ಅದು ಹತ್ತಿಯ ದೊಡ್ಡ ಸಾಹುಕಾರ ಮರಿಬಸಪ್ಪನವರದು. ಅದನ್ನು ನಡೆಸುತ್ತಿದ್ದವನು ಏಳುಮಲೈ ಎಂಬ ಮದರಾಸಿನ ಕಡೆಯ ತಮಿಳಿನವನು. ಊರಿಗೆ ಹೊಸಬ, ನಮ್ಮ ಕನ್ನಡ ತೆಲುಗು ಎರಡೂ ಅವನಿಗೆ ಅಷ್ಟಕ್ಕಷ್ಟೆ. ಆ ಕಾರಿನ ಹಾರ್ನಿಗೆ ಇದ್ದ ರಬ್ಬರಿನ ಬುಂಡೆ ನಮ್ಮ ಬಿಸಿಲಿಗೆ ಬಿರಿದುಹೋಗಿತ್ತು, ಯುದ್ಧದಲ್ಲಿ ಹೊಸ ರಬ್ಬರು ಎಲ್ಲಿ ಸಿಗಬೇಕು? ಹಾಗಾಗಿ ಅವನು ತಲೆ ಹೊರಗೆ ಹಾಕಿ ಗಂಟಲು ಹರಿಯುವಂತೆ ಕೂಗುತ್ತಿದ್ದ.

ಒಂದು ದಿನ ಭಾವ ಮೈಯೆಲ್ಲ ಧೂಳು ಮಾಡಿಕೊಂಡು ನನ್ನ ಅಂಗಡಿಗೆ ಬಂದರು. ಸೈಕಲ್ಲಿನ ಬೆಲ್ಲು ಕಿತ್ತು ಹೋಗಿತ್ತು.

“ಆ ಕಾರಿನವ ನನ್ನ ಕೊಲ್ಲಾಕ ನೋಡ್ಯಾನ,” ಅಂದರು.

“ಯಾಕ ಭಾವ, ನಿಮ್ಮನ್ನ ಕೊಂದು ಏನು ಮಾಡ್ತಾನ, ಉಪ್ಪಿನಕಾಯಿ ಹಾಕ್ತಾನೇನು?”

“ನಗ್ಬ್ಯಾಡ ಚಂದ್ರಣ್ಣ. ನಾ ರಸ್ತೇದ ಎಡಕ್ಕ ನನ್ನ ಪಾಡಿಗೆ ಹೊಂಟಿದ್ದೆ. ಹಿಂದಿಂದ ಎಡ ಬಿಡು, ಎಡ ಬಿಡು ಅಂತ ಕೂಗಿದ. ಎಡಕ್ಕ ಏನೋ ಗುಂಡಿ ಇರಬೇಕು, ಇಲ್ಲಾ ಅಂವನೇ ಎಡಕ್ಕ ಹೋಗತಾನ ಅಂತ ನಾ ಬಲಕ್ಕ ಸರಿದೆ. ಅಂವ ಬಲಕ್ಕೇ ಬಂದ, ನನ್ನ ಮ್ಯಾಲೆ.”

ನಾನು ನಂಬಲಿಲ್ಲ. ಆದರೆ ಅದೇ ಮತ್ತೊಮ್ಮೆ ಆಯಿತು. ಮೂರನೆಯ ಸಲ ಹಳ್ಳದ ಮೋರಿಯಿಂದ ಸೈಕಲ್ಲಿನ ಸಮೇತ ಕೆಳಗೆ ಬಿದ್ದರು. ಮೊಳಕೈ ಸುಲಿದಿತ್ತು, ಗಾಲಿ ಸೊಟ್ಟಗಾಗಿತ್ತು, ನಮೂನೆಯ ಹತ್ತಿಯೆಲ್ಲ ಜಾಲಿಗಿಡಕ್ಕೆ ಮೆತ್ತಿಕೊಂಡಿತ್ತು. ಆಗ ನನಗೂ ಅನುಮಾನ ಬಂತು. ಒಮ್ಮೆ ಆದರೆ ಎಡವಟ್ಟು ಅನ್ನಬಹುದು. ಪ್ರತಿ ಸಲ ಎಡ ಬಿಡು ಎಂದು ಕೂಗಿ ಬಲಕ್ಕೆ ನುಗ್ಗುವವನನ್ನು ಏನೆನ್ನಬೇಕು?

ಭಾವನ ಹತ್ತಿರ ಉತ್ತರ ತಯಾರಿತ್ತು. ಹಿಂದಿನ ಸುಗ್ಗಿಯಲ್ಲಿ ಸಾಹುಕಾರರು ಕೊಳ್ಳಬೇಕೆಂದಿದ್ದ ಒಳ್ಳೆಯ ಹತ್ತಿಯನ್ನು ಭಾವನ ನಮೂನೆ ನೋಡಿ ಆ ಸಣ್ಣ ವ್ಯಾಪಾರಿ ಮೊದಲೇ ಕೊಂಡುಬಿಟ್ಟಿದ್ದ. ಆ ಸಿಟ್ಟಿಗೆ ಸಾಹುಕಾರರೇ ಡ್ರೈವರನಿಗೆ ಹೇಳಿಕೊಟ್ಟಿದ್ದಾರೆ ಎಂದು ಭಾವನ ಲೆಕ್ಕ. ಅವತ್ತಿನಿಂದ ಸೈಕಲ್ ಮೇಲೆ ಕೂತರೆ ಅವರ ಕತ್ತು ಮುಂದಕ್ಕಿಂತ ಹಿಂದಕ್ಕೇ ಹೆಚ್ಚು ತಿರುಗುತ್ತಿತ್ತು. ಹಿಂದೆ ನೋಡುತ್ತ ನೋಡುತ್ತ ಸುಮ್ಮನೆ ನಿಂತ ಎಮ್ಮೆಗೂ ಒಮ್ಮೆ ಗುದ್ದಿದರು.

ನಮ್ಮಕ್ಕ ಊಟ ಬಿಟ್ಟಳು. “ಇನ್ನೊಂದು ಸಲ ಬಿದ್ರ ಏಳೂದಿಲ್ಲ ಇವ್ರು,” ಎಂದು ನನ್ನ ಮುಂದೆ ಅತ್ತಳು. “ಸೈಕಲ್ಲರ ಬಿಡ್ಲಿ, ಇಲ್ಲಾ ಅವನ್ನ ಒಳಗರ ಹಾಕಿಸ್ಲಿ. ನನಗ ಇವ್ರು ಜೀವಂತ ಬೇಕಪ್ಪ.” ಸೈಕಲ್ ಬಿಟ್ಟರೆ ಅವರಿಗೆ ಕೆಲಸವೇ ಇಲ್ಲ. ಹಾಗಾಗಿ ಪೊಲೀಸ್ ಠಾಣೆಗೆ ಹೋದೆವು. ಗಂಡ ಸರಿಯಾಗಿ ಹೇಳುತ್ತಾನೋ ಇಲ್ಲವೋ ಎಂಬ ಅನುಮಾನಕ್ಕೆ ಅಕ್ಕನೂ ಸೆರಗು ಹೊದ್ದು ಹೊರಟಳು. ಭಾವನ ಜೊತೆ ಇದ್ದೂ ಇದ್ದೂ ಆಕೆಗೂ ಅದೇ ಅಂಟಿತ್ತು.

ಠಾಣೆಯಲ್ಲಿದ್ದವರು ಹೆಡ್ ಕಾನ್‌ಸ್ಟೇಬಲ್ ಮೌಲಾಲಿ ಸಾಹೇಬರು. ಅವರು ಡ್ರೈವರನನ್ನು ಕರೆಸಿದರು. ಕಡ್ಡಿಯಂಥ ಮನುಷ್ಯ, ಖಾಕಿ ಅಂಗಿ, ಎರಡು ಕೈಯಲ್ಲೂ ಟೋಪಿ ಹಿಚುಕುತ್ತ ನಿಂತ. ಕೊಲೆಗಡುಕ ಅಂದರೆ ನಾನು ಬೇರೆ ಏನೋ ಅಂದುಕೊಂಡಿದ್ದೆ.

“ಏನಂತ ಕೂಗಿದಿ ಇವ್ರಿಗೆ?” ಮೌಲಾಲಿ ಸಾಹೇಬರು ಕೇಳಿದರು.

“ಎಡಂ ವಿಡು ಅಂತ ಕೂಗಿದೆ ಐಯಾ.”

ಭಾವ ಬೆಂಚಿನಿಂದ ಎದ್ದೇ ನಿಂತರು. “ಕೇಳಿದ್ರೇನ್ರಿ ಸಾಹೇಬ್ರ, ತಾನ ಒಪ್ಪಿಕೊಂಡ. ಎಡ ಬಿಡು ಅಂದಾನ.”

“ಎಡ ಬಿಡಿಸಿ ನೀನು ಬಲಕ್ಕ ಯಾಕ ಹೋದಿ?” ಸಾಹೇಬರು ಡ್ರೈವರನನ್ನು ಕೇಳಿದರು.

“ಮುಂದಿನವರನ್ನು ದಾಟಬೇಕಾದರೆ ಬಲಕ್ಕೇ ಹೋಗಬೇಕು ಐಯಾ, ಅದೇ ರೂಲು,” ಅಂದ ಏಳುಮಲೈ. ಆಮೇಲೆ ಭಾವನತ್ತ ಬೆರಳು ತೋರಿಸಿದ. “ಈ ಮನುಷ್ಯನೇ ಬೇಕಂತ ಬರ್ತಾರೆ. ನಾನು ಕೂಗಿದರೆ ಕಾರಿಗೇ ಅಡ್ಡ ಬರ್ತಾರೆ. ನನ್ನ ಜೈಲಿಗೆ ಹಾಕಲಿಕ್ಕೆ ಯಾರೋ ಕಳಿಸಿದಾರೆ.”

ಮೌಲಾಲಿ ಸಾಹೇಬರು ಒಮ್ಮೆ ಇವರ ಮುಖ, ಒಮ್ಮೆ ಅವನ ಮುಖ ನೋಡಿದರು. ಇಬ್ಬರಲ್ಲಿ ಒಬ್ಬ ಬದ್ಮಾಶ್ ಅನ್ನುವುದು ಖಂಡಿತ, ಯಾರೆಂದು ನಮಾಜು ಮುಗಿಸಿ ಬಂದು ಹೇಳುತ್ತೇನೆ ಎಂದು ಎದ್ದು ಹೋದರು.

ಜಗಲಿಯ ಬೆಂಚಿನ ಮೇಲೆ ನಾವು ಮೂವರು. ಎಡತುದಿಯಲ್ಲಿ ನಾನು, ನಡುವೆ ಭಾವ, ಅವರ ಬಲಕ್ಕೆ ಅಕ್ಕ. ಡ್ರೈವರ್ ನಿಂತೂ ನಿಂತೂ ಸೋತಿದ್ದ. ಕಡೆಗೆ ಬಲತುದಿಗೆ ಬಂದು ಅಕ್ಕನಿಗೆ ಕೈಮುಗಿದು, “ಕೊಂಚಂ ಎಡಂ ವಿಡುಂಗಮ್ಮಾ,” ಅಂದ.

ಎಡ ಬಿಡು ಅಂದರೆ ಅಕ್ಕ ಏನು ಮಾಡಬೇಕು? ಎಡಗಡೆ ಬಿಟ್ಟು ಬಲಕ್ಕೆ ಸರಿದಳು. ಅವನು ಕೂರಬೇಕೆಂದಿದ್ದ ತುದಿಯಲ್ಲೇ ಹೋಗಿ ಕೂತಳು. ಅವನು ಹೌಹಾರಿ ಹಿಂದಕ್ಕೆ ಜಿಗಿದ.

“ಎಡ ಬಿಟ್ಟೀನಲ್ಲಪ್ಪ, ಕುಂದ್ರು ಅಲ್ಲಿ,” ಅಂದಳು ಅಕ್ಕ, ನಡುವಿನ ಖಾಲಿ ತೋರಿಸಿ.

“ಎಡ ಅಲ್ಲಮ್ಮಾ. ಎಡಂ, ಎಡಂ.” ಅವನು ಬಗ್ಗಿ ಬೆಂಚಿನ ಮೇಲೆ ಎರಡು ಅಂಗೈ ಇಟ್ಟು ಅಳತೆ ತೋರಿಸಿದ. “ಇಷ್ಟು ಎಡಂ. ಕೂರೋಕೆ.”

ಅಕ್ಕ ಅವನ ಕೈಗಳನ್ನೇ ನೋಡುತ್ತ ಕೂತಳು. ಆಮೇಲೆ ಗಂಡನ ಕಡೆ ತಿರುಗಿದಳು.

“ಏನ್ರಿ, ಇವನ ಮಾತಿನಾಗ ಎಡಂ ಅಂದ್ರ ಜಾಗ. ಇಷ್ಟು ದಿನ ಅಂವ ನಿಮ್ಮನ್ನ ಜಾಗ ಬಿಡು ಅಂತ ಕೇಳ್ಯಾನ. ನೀವು ಎಡ ಬಿಟ್ಟು ಅವನ ಕಾರಿಗೆ ಅಡ್ಡ ಹೋಗೀರಿ.”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮಾಜು ಮುಗಿಸಿ ಬಂದ ಮೌಲಾಲಿ ಸಾಹೇಬರೂ ನಕ್ಕರು. ಇನ್ನು ಮುಂದೆ ತಮಿಳು ಬೇಡ, ‘ಎಡಕ್ಕ ಸರಿ’ ಎಂದು ಕೂಗಬೇಕೆಂದು ಹುಕುಂ ಮಾಡಿ, ನಾಲಿಗೆ ತಿರುಗುವವರೆಗೂ ಅವನಿಂದ ಹೇಳಿಸಿದರು. ಡ್ರೈವರನ ಕಣ್ಣಲ್ಲಿ ನೀರು ಬಂದಿತ್ತು. ಅಕ್ಕ ಅವನಿಗೆ ಕೂರಲು ಜಾಗ ಬಿಟ್ಟಳು.

ನಗದವರು ಭಾವ ಒಬ್ಬರೇ. ಹೊರಗೆ ಬಂದ ಮೇಲೆ ಡ್ರೈವರನನ್ನು ಬೇವಿನ ಮರದ ಹತ್ತಿರ ನಿಲ್ಲಿಸಿ, ಆ ಬೇಡವಾದ ಮಾತನ್ನೇ ಮತ್ತೆ ಮತ್ತೆ ಹೇಳಿಸಿಕೊಂಡರು. ಎಡಂ ವಿಡು. ಎಡಂ ವಿಡು. ಗಿಳಿಗೆ ಪಾಠ ಹೇಳಿದಂತೆ ತಾವೂ ಹೇಳಿಕೊಂಡರು.

“ಅಂವ ಇನ್ನ ಕನ್ನಡದಾಗ ಕೂಗತೀನಿ ಅಂದಾನಲ್ಲ ಭಾವ, ಇದು ಯಾಕ ಬೇಕು ನಿಮಗ?” ಎಂದೆ.

“ಠಾಣ್ಯಾಗ ಯಾರು ಬೇಕಾದ್ರೂ ಏನು ಬೇಕಾದ್ರೂ ಅಂತಾರ. ಅವಸರದಾಗ ಅಂವನ ಬಾಯಿಗೆ ಅವರವ್ವ ಕಲಿಸಿದ್ದೇ ಬರ್ತೈತಿ. ನಾ ಅವನ್ನ ನಂಬೂದಿಲ್ಲ.” ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದರು, “ತಮಿಳು ಮಾತು ಅಂತ ಒಪ್ಪಿಕೊಳ್ಳೋಣ. ಆದ್ರ ಸಾಹುಕಾರ ತಮಿಳಿನವನ್ನೇ ಹುಡುಕಿ ಯಾಕ ತಂದ?”

ಇಂಥವರ ಜೊತೆ ಏನು ಮಾತಾಡುವುದು?

ಅವತ್ತಿನಿಂದ ಮನೆಯ ಹಿಂದಿನ ಬಯಲಲ್ಲಿ ಭಾವ ಸೈಕಲ್ ಸುತ್ತು ಹೊಡೆಯುವುದು, ಅಕ್ಕ ರೊಟ್ಟಿ ಬಡಿಯುವುದು ಬಿಟ್ಟು ಬಾಗಿಲಲ್ಲಿ ನಿಂತು ‘ಎಡಂ ವಿಡು’ ಎಂದು ಕೂಗುವುದು. ಕೂಗಿದ ಕೂಡಲೇ ಅವರು ಎಡಕ್ಕೆ ಸರಿಯಬೇಕು. ಮೊದಮೊದಲು ಬಲಕ್ಕೇ ಹೋಗಿ ಬೇಲಿಗೆ ಗುದ್ದುತ್ತಿದ್ದರು. ಬರುಬರುತ್ತ ಕೂಗು ಕಿವಿಗೆ ಬೀಳುವ ಮೊದಲೇ ಕೈ ಎಡಕ್ಕೆ ತಿರುಗುತ್ತಿತ್ತು. ರೊಟ್ಟಿ ಸೀದು ಹೋಗುತ್ತಿದ್ದವು. ಇಬ್ಬರಿಗೂ ತಲೆ ಕೆಟ್ಟಿದೆ ಎಂದು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೆ.

ಜೋಳದ ಸುಗ್ಗಿ ಮುಗಿದಿತ್ತು. ಹೊಳಗುಂದದಲ್ಲಿ ಹೊನ್ನೂರಪ್ಪ ಎಂಬ ರೈತ ತನ್ನ ಹಳೆಯ ಸೈಕಲ್ ಮಾರುತ್ತೇನೆಂದು ಹೇಳಿ ಕಳಿಸಿದ್ದ. ಅದನ್ನು ನೋಡಲು ನಾನೂ ಭಾವನ ಜೊತೆ ಹೊರಟೆ. ನಾನು ಮುಂದೆ, ಅವರು ಹಿಂದೆ. ಮೋರಿ ಹತ್ತಿರ ಬಂದಾಗ ಹಿಂದೆ ಕಾರಿನ ಸದ್ದು ಕೇಳಿಸಿತು. ಮೋರಿಯ ಮುಂಚೆ ದಾರಿ ಇಳಿಜಾರು, ಕಾರು ಜೋರಾಗಿ ಇಳಿದು ಬರುತ್ತಿತ್ತು. ನನಗೇನು ಭಯ? ‘ಎಡಕ್ಕ ಸರಿ’ ಎನ್ನುತ್ತಾನೆ, ಸರಿದರಾಯಿತು ಎಂದು ಸೀಟಿ ಹಾಕುತ್ತ ಹೊರಟಿದ್ದೆ.

“ಎಡಂ ವಿಡು! ಎಡಂ ವಿಡು!”

ನನ್ನ ಕೈ ನನ್ನನ್ನು ಕೇಳಲಿಲ್ಲ. ಹ್ಯಾಂಡಲ್ ಬಲಕ್ಕೆ ತಿರುಗಿತು. ಕಾರಿನ ಮಡ್‌ಗಾರ್ಡು ಹಿಂದಿನ ಗಾಲಿಗೆ ಬಡಿಯಿತು. ಆಮೇಲೆ ನನ್ನ ಕಣ್ಣಿಗೆ ಕಂಡದ್ದು ಆಕಾಶ, ಮೈತುಂಬ ಜಾಲಿಮುಳ್ಳು. ಪಾದ ಉಳುಕಿ ಎದ್ದು ನಿಲ್ಲಲಾಗಲಿಲ್ಲ. ಸಾವು ಮೈ ಸವರಿಕೊಂಡು ಹೋದದ್ದು ಆಮೇಲೆ ತಿಳಿಯಿತು.

ಏಳುಮಲೈ ಕಾರು ನಿಲ್ಲಿಸಿ ಓಡಿ ಬಂದ. ಮುಖ ಬಿಳಿಚಿಕೊಂಡಿತ್ತು. “ಎಡಕ್ಕ ಸರಿ, ಎಡಕ್ಕ ಸರಿ,” ಎನ್ನುತ್ತ ನಿಂತಿದ್ದ, ಈಗ ನೆನಪಾಗಿತ್ತು ಅವನಿಗೆ.

“ಕೊಲ್ಲಾಕ ಬಂದಿಯೇನಲೇ?” ಎಂದು ನಾನು ಬಿದ್ದಲ್ಲಿಂದಲೇ ಕಿರುಚಿದೆ. “ಯಾರು ಕಳಿಸ್ಯಾರ ನಿನ್ನ? ಸಾಹುಕಾರ ಕಳಿಸಿದನೇನು?”

ಭಾವ ದಾರಿಯ ಎಡಕ್ಕೆ, ಸೈಕಲ್ ಹಿಡಿದು ನಿಂತಿದ್ದರು. ಒಂದು ಗೀರೂ ಇಲ್ಲ. ಅವರು ಹಿಂದೆ ತಿರುಗಿ ಕೂಡ ನೋಡದೆ ಸರಿದಿದ್ದರಂತೆ. ಸೈಕಲ್ಲನ್ನು ಮಲಗಿಸಿ, ಪಂಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನ ಹತ್ತಿರ ಬಂದು ಕೂತರು. ನನ್ನ ಅಂಗೈಯಿಂದ ಒಂದೊಂದೇ ಮುಳ್ಳು ಕೀಳುತ್ತ, “ಸಾಹುಕಾರ ನಿನ್ನ ಮ್ಯಾಲೂ ಕಣ್ಣಿಟ್ಟಾನ ಅಂತ ಕಾಣಸ್ತೈತಿ, ಚಂದ್ರಣ್ಣ. ನಡಿ, ಠಾಣೇಕ ಹೋಗೂಣು. ನಾ ಸಾಕ್ಷಿ ಹೇಳತೀನಿ,” ಅಂದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಬಂದವು.

ಇಬ್ಬರೂ ಸೇರಿ ನನ್ನನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಸೈಕಲ್ಲುಗಳನ್ನು ಹಿಂಬದಿಗೆ ಹಗ್ಗದಿಂದ ಕಟ್ಟಿದರು. ಕಟ್ಟಿದ ಗಂಟನ್ನು ಭಾವ ಬಿಚ್ಚಿ ತಾವೇ ಮತ್ತೆ ಕಟ್ಟಿದರು. ಮುಂದಿನ ಸೀಟಿನಲ್ಲಿ ಸಾಹುಕಾರರ ಚೀಲಗಳಿದ್ದವು. ಏಳುಮಲೈ ಕಾರನ್ನು ಆದೋನಿಯ ಕಡೆ ತಿರುಗಿಸಿ ಸ್ಟಿಯರಿಂಗ್ ಹಿಡಿದು ಕೂತಿದ್ದ. ಭಾವ ಚೀಲಗಳಿದ್ದ ಕಡೆಯ ಬಾಗಿಲು ತೆರೆದು ಅವನ ಮುಖವನ್ನು ಒಂದು ಗಳಿಗೆ ನೋಡಿದರು.

“ಎಡಂ ವಿಡು,” ಅಂದರು.

ಅವನು ತಿರುಗಿ ನೋಡಿದ. ಚೀಲಗಳನ್ನು ತನ್ನ ಕಡೆಗೆ ಎಳೆದುಕೊಂಡು, ಹೆಗಲ ಮೇಲಿನ ವಸ್ತ್ರದಿಂದ ಸೀಟನ್ನು ಒರೆಸಿ ಜಾಗ ಬಿಟ್ಟ. ತಮ್ಮನ್ನು ಕೊಲ್ಲಲಿಕ್ಕೆಂದೇ ಬರುತ್ತದೆ ಎಂದು ನಂಬಿದ್ದ ಕಾರಿನಲ್ಲಿ ನಮ್ಮ ಭಾವ ಪಂಪನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆದೋನಿ ಬರುವವರೆಗೂ, ಕಟ್ಟಿದ ಸೈಕಲ್ ಇದೆಯೋ ಇಲ್ಲವೋ ಎಂದು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದರು.